ಗಾಯ ಸಣ್ಣದು, ದಾನ ಸಣ್ಣದಲ್ಲ



"ಅವರ ಲಿವರ್ ಹಾಳಾಗಿದೆಯಂತೆ" ಎಂಬ ಸುದ್ದಿ ಬಂದಾಗ ನಮ್ಮ ಮೊಹಲ್ಲಾಗಳಲ್ಲಿ ಮೊದಲು ಹುಟ್ಟುವ ಪ್ರಶ್ನೆ ಯಾವುದೆಂದು ನಿಮಗೆ ಗೊತ್ತು. "ಕುಡಿಯುತ್ತಿದ್ದರೇ?" ಬಾಯಿ ಬಿಟ್ಟು ಕೇಳದವರು ಕಣ್ಣಿನಲ್ಲೇ ಕೇಳುತ್ತಾರೆ. ನನ್ನ ಅಕ್ಕ ಈ ಪ್ರಶ್ನೆಯನ್ನು ಎರಡು ವರ್ಷ ಹೊತ್ತು ತಿರುಗಿದಳು. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಕೊನೆಗೆ ತರಾವೀಹ್‌ಗೆಂದು ಹೆಂಗಸರು ಸೇರುವ ಮನೆಯಲ್ಲೂ ಯಾರಾದರೊಬ್ಬರು ಅವಳನ್ನು ಮೂಲೆಗೆ ಕರೆದು ಮೆಲ್ಲಗೆ ವಿಚಾರಿಸುತ್ತಿದ್ದರು. ಭಾವ ಜೀವಮಾನದಲ್ಲಿ ಮದ್ಯ ಮುಟ್ಟಿದವರಲ್ಲ. ಅವರಿಗೆ ಇದ್ದದ್ದು ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಬೆಳಗ್ಗೆಯಿಂದ ರಾತ್ರಿಯ ತನಕ ಬಿಡಿಭಾಗದ ಅಂಗಡಿಯಲ್ಲಿ ಕುಳಿತೇ ಇರುವ ಕೆಲಸ, ದಿನಕ್ಕೆ ಏಳೆಂಟು ಲೋಟ ಸಿಹಿ ಚಹಾ ಮತ್ತು ನಮ್ಮ ಕಡೆಯ ದಾವತ್‌ಗಳು. ಇವಿಷ್ಟೂ ಸೇರಿ ಯಕೃತ್ತಿನಲ್ಲಿ ಕೊಬ್ಬು ತುಂಬಿ, ಆ ಕೊಬ್ಬಿನಿಂದ ಉರಿಯೂತವಾಗಿ, ವರ್ಷಗಳು ಉರುಳಿದಂತೆ ಇಡೀ ಅಂಗ ಗಂಟು ಗಂಟಾಗಿ ಗಟ್ಟಿಯಾಯಿತು. ವೈದ್ಯರು ಅದನ್ನು ಸಿರೋಸಿಸ್ ಎನ್ನುತ್ತಾರೆ. ಒಂದು ತೊಟ್ಟು ಮದ್ಯವಿಲ್ಲದೆಯೂ ಅದು ಬರುತ್ತದೆ. ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಎರಡೂ ಇರುವ ಮನೆಗಳಲ್ಲಿ "ಫ್ಯಾಟಿ ಲಿವರ್" ಎಂದು ಸ್ಕ್ಯಾನಿಂಗ್ ಚೀಟಿಯಲ್ಲಿ ಬರೆದು ಬಂದರೆ ಅದನ್ನು ಬೀರುವಿನಲ್ಲಿಟ್ಟು ಮರೆಯಬೇಡಿ ಎಂದು ಇಲ್ಲೇ ಹೇಳಿಬಿಡುತ್ತೇನೆ.

ನಾನು ಮದ್ರಸಾದಲ್ಲಿ ಕಲಿತವಳು, ಈಗ ಅಲ್ಲೇ ಹೆಣ್ಣುಮಕ್ಕಳಿಗೆ ಕಲಿಸುವವಳು. ಆಮೇಲೆ ಬಿ.ಎ. ಮುಗಿಸಿದೆನಾದರೂ ಓದಿದ್ದು ಇತಿಹಾಸ, ವಿಜ್ಞಾನವಲ್ಲ. ಆದರೆ ಒಂದು ಮನೆಗೆ ಕಾಯಿಲೆ ಬಂದರೆ ಮನೆಯವರೆಲ್ಲ ಅರ್ಧ ಡಾಕ್ಟರರಾಗುತ್ತಾರೆ ನೋಡಿ. ಹಾಗೆ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಯಕೃತ್ತು ಗಟ್ಟಿಯಾದಾಗ ಕರುಳಿನಿಂದ ಅದಕ್ಕೆ ಬರುವ ರಕ್ತಕ್ಕೆ ದಾರಿ ಸಿಗುವುದಿಲ್ಲ. ಒತ್ತಡ ಏರುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದರೆ ರಕ್ತ ವಾಂತಿಯಾಗುತ್ತದೆ. ಶುದ್ಧವಾಗಬೇಕಾದ ವಿಷ ಶುದ್ಧವಾಗದೆ ಮೆದುಳಿಗೆ ಏರುತ್ತದೆ. ಭಾವನಿಗೆ ಇವು ಮೂರೂ ಆದವು. ರಕ್ತ ಕಂಡಾಗ ನಾವು ಹೆದರಿದೆವು ನಿಜ, ಆದರೆ ಅಕ್ಕ ಅತ್ತದ್ದು ಇನ್ನೊಂದು ದಿನ. ಅಂದು ಭಾವ ಅಸರ್ ನಮಾಝಿಗೆ ನಿಂತವರು ಎಷ್ಟು ರಕಅತ್ ಆಯಿತೆಂದು ತಿಳಿಯದೆ ನಿಂತೇ ಇದ್ದರು. ಕೈ ಹಿಡಿದು ಕೂರಿಸಿದರೆ ಸ್ವಂತ ಮಗಳನ್ನು "ನೀನು ಯಾರ ಮನೆಯವಳಮ್ಮಾ?" ಎಂದು ಕೇಳಿದರು. ಬೆಂಗಳೂರಿನ ವೈದ್ಯರು ಮಾತು ಸುತ್ತಿಸಲಿಲ್ಲ. ಔಷಧಿಯ ಕಾಲ ಮುಗಿದಿದೆ, ಉಳಿದದ್ದು ಯಕೃತ್ತಿನ ಕಸಿ ಮಾತ್ರ ಎಂದರು.

ಕಸಿಗೆ ಯಕೃತ್ತು ಎರಡು ದಾರಿಯಲ್ಲಿ ಸಿಗುತ್ತದೆ. ಮೆದುಳು ನಿಷ್ಕ್ರಿಯವಾದವರ ಕುಟುಂಬ ಒಪ್ಪಿದರೆ ಅವರಿಂದ. ನಮ್ಮ ರಾಜ್ಯದಲ್ಲಿ ಇದರ ಸರದಿ ಪಟ್ಟಿಯನ್ನು ನೋಡಿಕೊಳ್ಳುವುದು 'ಜೀವಸಾರ್ಥಕತೆ' ಸಂಸ್ಥೆ. ಹೆಸರು ನೋಂದಾಯಿಸಿದೆವು. ಪಟ್ಟಿ ಉದ್ದವಿತ್ತು, ಭಾವನ ಬಳಿ ಸಮಯ ಕಡಿಮೆಯಿತ್ತು. ಎರಡನೆಯ ದಾರಿ ಬದುಕಿರುವವರಿಂದ ಒಂದು ಭಾಗ ಪಡೆಯುವುದು. ಅಲ್ಲಾಹನು ಯಕೃತ್ತಿಗೆ ಕೊಟ್ಟಿರುವ ವಿಶೇಷ ಗುಣವೆಂದರೆ ಅದು ಮತ್ತೆ ಬೆಳೆಯುತ್ತದೆ. ಕತ್ತರಿಸಿದ ಭಾಗ ಅದೇ ಆಕಾರದಲ್ಲಿ ಮರಳಿ ಬರುವುದಿಲ್ಲ. ಉಳಿದ ಭಾಗವೇ ಹಿಗ್ಗಿ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ದೊಡ್ಡವರಿಗೆ ಕೊಡುವಾಗ ಸಾಮಾನ್ಯವಾಗಿ ಬಲಭಾಗ, ಅಂದರೆ ಇಡೀ ಯಕೃತ್ತಿನ ಸುಮಾರು 60 ಶೇಕಡ ತೆಗೆಯುತ್ತಾರೆ. ಮಕ್ಕಳಿಗಾದರೆ ಎಡಗಡೆಯ ಸಣ್ಣ ತುಂಡು ಸಾಕು.

ಈ ಚಿಕಿತ್ಸೆಯ ಕತೆಯೇ ಒಂದು ರೀತಿಯಲ್ಲಿ ತಾಯಂದಿರ ಕತೆ. ಮನುಷ್ಯರಲ್ಲಿ ಯಕೃತ್ತಿನ ಕಸಿಯನ್ನು ಮೊದಲು ಪ್ರಯತ್ನಿಸಿದ್ದು 1963ರಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ ಡಾ. ಥಾಮಸ್ ಸ್ಟಾರ್ಝಲ್. ರೋಗಿಗಳು ಉಳಿಯಲಿಲ್ಲ. ಅವರಿಗೆ ಯಶಸ್ಸು ಸಿಕ್ಕಿದ್ದು 1967ರಲ್ಲಿ. ಬದುಕಿರುವವರಿಂದ ತೆಗೆದ ಭಾಗ ಫಲ ಕೊಟ್ಟದ್ದು 1989ರಲ್ಲಿ. ಆ ಜುಲೈಯಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಒಬ್ಬ ಜಪಾನಿ ತಾಯಿ ತನ್ನ ಪುಟ್ಟ ಮಗನಿಗೆ ಕೊಟ್ಟಳು. ನವೆಂಬರಿನಲ್ಲಿ ಷಿಕಾಗೋದಲ್ಲಿ ಇನ್ನೊಬ್ಬ ತಾಯಿ ಮಗಳಿಗೆ ಕೊಟ್ಟಳು. ಭಾರತದಲ್ಲಿ ಮೊದಲ ಯಶಸ್ವಿ ಕಸಿ 1998ರಲ್ಲಿ, ದೆಹಲಿಯ ಅಪೋಲೋದಲ್ಲಿ. ಅಲ್ಲಿ ಮಗುವಿಗೆ ಕೊಟ್ಟವನು ತಂದೆ.

ಇನ್ನು ನಮ್ಮ ಮನೆಯ ಲೆಕ್ಕ. ಅಕ್ಕನೇ ಮೊದಲು ಮುಂದೆ ಬಂದಳು. ಅವಳಿಗೂ ಸಕ್ಕರೆ ಕಾಯಿಲೆ, ತಪಾಸಣೆಯ ಮೊದಲ ಮೆಟ್ಟಿಲಲ್ಲೇ ಬೇಡವೆಂದರು. ದೊಡ್ಡ ಮಗನ ಯಕೃತ್ತಿನಲ್ಲಿ ಅಪ್ಪನದೇ ಕೊಬ್ಬು ಕಂಡಿತು. ಚಿಕ್ಕವನಿಗೆ ಹದಿನೇಳು, ಕಾನೂನಿನ ಪ್ರಕಾರ ಹದಿನೆಂಟು ತುಂಬದೆ ಕೊಡುವಂತಿಲ್ಲ. ಭಾವನ ಇಬ್ಬರು ತಮ್ಮಂದಿರಲ್ಲಿ ಒಬ್ಬರ ರಕ್ತದ ಗುಂಪು ಹೊಂದಲಿಲ್ಲ. ಇನ್ನೊಬ್ಬರು ಪರೀಕ್ಷೆಗೇ ಬರಲಿಲ್ಲ, ಅವರ ಹೆಂಡತಿ ಒಪ್ಪಲಿಲ್ಲವಂತೆ. ಅದನ್ನು ನಾನು ತಪ್ಪೆನ್ನುವುದಿಲ್ಲ. ಉಳಿದವಳು ಮಗಳು. ಇಪ್ಪತ್ತಮೂರು ವರ್ಷ, ಬಿ.ಎಡ್. ಓದುತ್ತಿದ್ದಳು, ಮದುವೆಯ ಮಾತು ಅರ್ಧ ನಡೆದಿತ್ತು. ಗುಂಪು ಹೊಂದಿತು, ಸ್ಕ್ಯಾನಿಂಗ್ ಸರಿಯಿತ್ತು.

ಮನೆಯ ಚರ್ಚೆಗೆ "ರೋಬೋಟ್" ಬಂದದ್ದು ಇಲ್ಲಿ. ಮೊದಲು "ಹೆಣ್ಣುಮಗುವಿನ ಹೊಟ್ಟೆ ಕೊಯ್ದರೆ ಮುಂದೆ ಯಾರು ಮದುವೆಯಾಗುತ್ತಾರೆ?" ಎಂದು ತಲೆ ಮೇಲೆ ಕೈ ಹೊತ್ತಿದ್ದವರೇ, ಆಸ್ಪತ್ರೆಯಲ್ಲಿ ದಾನಿಗೆ ರೋಬೋಟ್ ಶಸ್ತ್ರಚಿಕಿತ್ಸೆ ಇದೆಯೆಂದು ತಿಳಿದ ಮರುದಿನ ಬೇರೆ ರಾಗ ಎಳೆದರು. "ಈಗ ಮೆಷಿನ್ನೇ ಮಾಡುತ್ತದಂತೆ. ಗಾಯವೇ ಕಾಣುವುದಿಲ್ಲವಂತೆ. ನಾಲ್ಕು ದಿನದಲ್ಲಿ ಎದ್ದು ಓಡಾಡುತ್ತಾಳಂತೆ. ಇನ್ನೇನು ಯೋಚನೆ?" ಹುಡುಗಿಯನ್ನು ಕೇಳುವ ಮೊದಲೇ ಬೆಂಗಳೂರಿಗೆ ಹೋಗುವ ದಿನವೂ ಗೊತ್ತಾಗಿತ್ತು. ಸಹೋದರಿಯರೇ, ಗಾಯ ಸಣ್ಣದಾದಷ್ಟೂ ಕೇಳುವವರ ಸಂಕೋಚವೂ ಸಣ್ಣದಾಗುತ್ತದೆ ಎಂಬುದನ್ನು ನಾನು ಅಂದು ಕಂಡೆ. ಆ ಯಂತ್ರವೆಂದರೆ ಏನು, ಅದು ಏನನ್ನು ಕಡಿಮೆ ಮಾಡುತ್ತದೆ, ಏನನ್ನು ಕಡಿಮೆ ಮಾಡುವುದಿಲ್ಲ ಎಂದು ನೀವು ತಿಳಿದಿರಬೇಕೆಂಬ ಆಸೆಯಿಂದಲೇ ಈ ಬರಹ.

ಮೊದಲ ಮಾತು: ರೋಬೋಟ್ ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಹೆಚ್ಚಿನ ಆಸ್ಪತ್ರೆಗಳಲ್ಲಿರುವುದು 'ಡಾ ವಿಂಚಿ' ಎಂಬ ಅಮೆರಿಕದ ಯಂತ್ರ. ಅಲ್ಲಿನ ಸರಕಾರ ಅದಕ್ಕೆ 2000ದಲ್ಲಿ ಅನುಮತಿ ಕೊಟ್ಟಿತು. ರೋಗಿಯ ಪಕ್ಕದಲ್ಲಿ ನಾಲ್ಕು ಕೈಗಳ ಯಂತ್ರ ನಿಂತಿರುತ್ತದೆ. ಅದೇ ಕೋಣೆಯಲ್ಲಿ, ಕೆಲವು ಹೆಜ್ಜೆ ದೂರದಲ್ಲಿ, ಶಸ್ತ್ರಚಿಕಿತ್ಸಕರು ಒಂದು ಪೆಟ್ಟಿಗೆಯಂಥ ಸಾಧನಕ್ಕೆ ಮುಖವಿಟ್ಟು ಕುಳಿತಿರುತ್ತಾರೆ. ಹೊಟ್ಟೆಯ ಒಳಗಿನ ದೃಶ್ಯ ಅವರಿಗೆ ಹತ್ತು ಪಟ್ಟು ದೊಡ್ಡದಾಗಿ, ಆಳ ಸಮೇತ ಕಾಣುತ್ತದೆ. ಅವರ ಬೆರಳು ತಿರುಗಿದಂತೆ ಒಳಗಿನ ಸಣ್ಣ ಉಪಕರಣ ತಿರುಗುತ್ತದೆ. ಮಾಮೂಲಿ ಲ್ಯಾಪ್ರೋಸ್ಕೋಪಿಯ ಉಪಕರಣ ನೇರ ಕೋಲಿನ ಹಾಗೆ. ಇದಕ್ಕಾದರೋ ತುದಿಯಲ್ಲಿ ಮಣಿಕಟ್ಟು ಇದೆ, ನಮ್ಮ ಕೈಯ ಹಾಗೆ ಬಾಗುತ್ತದೆ. ಕೈಯ ಸಣ್ಣ ನಡುಕವನ್ನು ಯಂತ್ರ ಸೋಸಿಬಿಡುತ್ತದೆ. ರೋಗಿಯ ಪಕ್ಕದಲ್ಲಿ ಇನ್ನೊಬ್ಬ ಸರ್ಜನ್ ಸದಾ ನಿಂತಿರುತ್ತಾರೆ. ಅಂದರೆ ಕೊಯ್ಯುವುದು ಮನುಷ್ಯನ ಬುದ್ಧಿ, ಮನುಷ್ಯನ ಕೈ. ಯಂತ್ರ ಆ ಕೈಯನ್ನು ಒಳಗೆ ತಲುಪಿಸುತ್ತದೆ, ಅಷ್ಟೆ.

ತೆರೆದ ಶಸ್ತ್ರಚಿಕಿತ್ಸೆಯಲ್ಲಿ ದಾನಿಯ ಪಕ್ಕೆಲುಬಿನ ಕೆಳಗೆ ಇಂಗ್ಲಿಷಿನ ಜೆ ಅಕ್ಷರದ ಆಕಾರದಲ್ಲಿ ಗೇಣುದ್ದಕ್ಕೂ ಮೀರಿ ಕೊಯ್ಯುತ್ತಾರೆ. ಹೊಟ್ಟೆಯ ಸ್ನಾಯುಗಳೂ ತುಂಡಾಗುತ್ತವೆ. ನೋವು, ಉಸಿರೆಳೆಯಲು ಕಷ್ಟ, ಮುಂದೆ ಹರ್ನಿಯಾದ ಭಯ. ರೋಬೋಟ್‌ನಲ್ಲಾದರೆ ಹೊಟ್ಟೆಗೆ ಗಾಳಿ ತುಂಬಿ, ಒಂದು ಸೆಂಟಿಮೀಟರಿಗೂ ಕಡಿಮೆ ಅಗಲದ ನಾಲ್ಕೈದು ತೂತುಗಳ ಮೂಲಕ ಕೆಲಸ. ಹಾಗಾದರೆ ಅಷ್ಟು ದೊಡ್ಡ ತುಂಡು ಹೊರಬರುವುದೆಲ್ಲಿಂದ? ನನಗೂ ಇದೇ ಸಂಶಯ ಬಂತು. ಉತ್ತರ ನಿಮ್ಮಲ್ಲಿ ಹಲವರ ಮೈಮೇಲೆಯೇ ಇದೆ. ಸಿಸೇರಿಯನ್‌ಗೆ ಎಲ್ಲಿ ಕೊಯ್ಯುತ್ತಾರೋ ಅದೇ ಜಾಗ, ಕಿಬ್ಬೊಟ್ಟೆಯ ಕೆಳಗಿನ ಅಡ್ಡ ಗಾಯ. ತುಂಡನ್ನು ಚೀಲದೊಳಗೆ ಹಾಕಿ ಅಲ್ಲಿಂದ ಮೆಲ್ಲಗೆ ತೆಗೆಯುತ್ತಾರೆ. ಇದನ್ನು ಕೇಳಿ ನನ್ನ ಅಕ್ಕ "ಮೂರು ಸಲ ಕೊಯ್ಸಿಕೊಂಡವಳು ನಾನು. ಅದನ್ನು ಯಾರೂ ಗಾಯವೆಂದು ಎಣಿಸಲೇ ಇಲ್ಲ" ಎಂದು ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಇನ್ನೊಂದು ಸೂಕ್ಷ್ಮ ಕೆಲಸವಿದೆ. ಯಕೃತ್ತಿನಿಂದ ಪಿತ್ತರಸ ಹರಿಯುವ ನಾಳವನ್ನು ಸರಿಯಾದ ಜಾಗದಲ್ಲಿ ಕತ್ತರಿಸಬೇಕು. ಕೂದಲೆಳೆ ತಪ್ಪಿದರೆ ದಾನಿಗೂ ತೊಂದರೆ, ಪಡೆಯುವವರಿಗೂ ತೊಂದರೆ. ಇದಕ್ಕಾಗಿ ರಕ್ತಕ್ಕೆ ಒಂದು ಹಸಿರು ಬಣ್ಣದ ಔಷಧಿ ಕೊಡುತ್ತಾರೆ. ವಿಶೇಷ ಬೆಳಕಿನಲ್ಲಿ ಪಿತ್ತನಾಳ ಹಸಿರಾಗಿ ಹೊಳೆಯುತ್ತದೆ. ವೈದ್ಯರು ಅದರ ಒಂದು ಚಿತ್ರವನ್ನು ನಮಗೆ ತೋರಿಸಿದರು. ಸುಬ್‌ಹಾನಲ್ಲಾಹ್, ಕತ್ತಲೆಯಲ್ಲಿ ಮಿಂಚುಹುಳದ ಸಾಲು ಕಂಡ ಹಾಗಿತ್ತು.

ರೋಬೋಟ್ ನೆರವಿನಿಂದ ದಾನಿಯ ಬಲಭಾಗ ತೆಗೆದ ಮೊದಲ ವರದಿ ಬಂದದ್ದು 2012ರಲ್ಲಿ, ಷಿಕಾಗೋದ ಡಾ. ಜೂಲಿಯಾನೊಟ್ಟಿಯವರ ತಂಡದಿಂದ. ಆದರೆ ಅದನ್ನು ದಿನನಿತ್ಯದ ಚಿಕಿತ್ಸೆಯಾಗಿ ಬೆಳೆಸಿದ ಜಾಗಗಳಲ್ಲಿ ಮುಂಚೂಣಿಯಲ್ಲಿರುವುದು ರಿಯಾದ್‌ನ ಕಿಂಗ್ ಫೈಸಲ್ ಸ್ಪೆಷಲಿಸ್ಟ್ ಆಸ್ಪತ್ರೆ. ಅಲ್ಲಿನ ಮುಖ್ಯಸ್ಥರು ಜರ್ಮನಿಯ ಡಾ. ಡೀಟರ್ ಬ್ರೋರಿಂಗ್. ಸೌದಿಯಲ್ಲಿ ರಕ್ತಸಂಬಂಧಿಗಳೇ ಹೆಚ್ಚಾಗಿ ದಾನಿಗಳಾಗುವುದರಿಂದ ಅಲ್ಲಿ ಈ ಕೌಶಲ ಬೇಗ ಪಳಗಿತು. ನಮ್ಮ ದೇಶದಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆ, ಚೆನ್ನೈನ ರೇಲಾ ಆಸ್ಪತ್ರೆ ಮುಂತಾದೆಡೆ ರೋಬೋಟ್ ಮೂಲಕ ದಾನಿಗಳ ಶಸ್ತ್ರಚಿಕಿತ್ಸೆ ನಡೆಯುತ್ತದೆ. ರೇಲಾ ಎಂದಾಗ ಒಂದು ಮಾತು. ತಮಿಳುನಾಡಿನ ಡಾ. ಮುಹಮ್ಮದ್ ರೇಲಾ ಲಂಡನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿದ್ದಾಗ ಐದು ದಿನದ ಹಸುಳೆಗೆ ಯಕೃತ್ತಿನ ಕಸಿ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದವರು. ನಮ್ಮ ಸಭೆಗಳಲ್ಲಿ ಸಾವಿರ ವರ್ಷದ ಹಿಂದಿನ ಕೊರ್ಡೋವಾದ ಝಹರಾವಿಯವರ ಹೆಸರು ಹೇಳಿ ಎದೆಯುಬ್ಬಿಸುವ ಭಾಷಣಕಾರರು ಅಲ್ಲಿಗೇ ನಿಲ್ಲಿಸದೆ ಇಂಥವರ ಹೆಸರನ್ನೂ ಮಕ್ಕಳಿಗೆ ಹೇಳಬಾರದೇ ಎಂದು ನನಗೆ ಅನಿಸುತ್ತದೆ.

ಇಷ್ಟೆಲ್ಲ ದಾನಿಯ ಮಾತಾಯಿತು. ಯಕೃತ್ತನ್ನು ಪಡೆಯುವ ರೋಗಿಗೆ ರೋಬೋಟ್ ಬಳಸುವುದು ಇನ್ನೂ ಕಷ್ಟ. ಸಿರೋಸಿಸ್ ಆದವರ ಹೊಟ್ಟೆಯಲ್ಲಿ ಮುಟ್ಟಿದಲ್ಲೆಲ್ಲ ರಕ್ತ. ಹಳೆಯ ಯಕೃತ್ತನ್ನು ಬಿಡಿಸಿ, ಹೊಸದರ ರಕ್ತನಾಳಗಳನ್ನು ಒಂದೊಂದಾಗಿ ಹೊಲಿಯಬೇಕು. ಅವುಗಳಲ್ಲಿ ಕೆಲವು ಎರಡು ಮೂರು ಮಿಲಿಮೀಟರ್ ಅಗಲದವು. ಹೊಸ ಯಕೃತ್ತು ಮಂಜುಗಡ್ಡೆಯಿಂದ ಹೊರಬಂದ ಮೇಲೆ ಗಡಿಯಾರದ ಜೊತೆ ಓಟ ಬೇರೆ. 2023ರ ಮೇ ತಿಂಗಳಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ವೈದ್ಯರು ರೋಬೋಟ್ ಮೂಲಕ ಯಕೃತ್ತನ್ನು ಕೂರಿಸಿದರು. ಅದೇ ವರ್ಷ ರಿಯಾದ್‌ನಲ್ಲಿ ದಾನಿಯಿಂದ ತೆಗೆಯುವುದು, ರೋಗಿಗೆ ಕೂರಿಸುವುದು ಎರಡನ್ನೂ ರೋಬೋಟ್ ಮೂಲಕವೇ ಮಾಡಿದರು. ಆ ರೋಗಿ ಅರುವತ್ತಾರು ವರ್ಷದ ಸೌದಿ ಪ್ರಜೆ. ಕುಡಿತಕ್ಕೆ ಸಂಬಂಧವಿಲ್ಲದ ಕೊಬ್ಬಿನ ಕಾಯಿಲೆಯಿಂದ ಯಕೃತ್ತು ಕೆಟ್ಟವರು, ನಮ್ಮ ಭಾವನ ಹಾಗೆಯೇ. ಆದರೂ ಲೋಕದ ಹೆಚ್ಚಿನ ಆಸ್ಪತ್ರೆಗಳಲ್ಲಿ ಪಡೆಯುವವರಿಗೆ ಇಂದಿಗೂ ತೆರೆದ ಶಸ್ತ್ರಚಿಕಿತ್ಸೆಯೇ. ಭಾವನಿಗೂ ಹಾಗೇ ಆಯಿತು.

ಈಗ ಮನೆಯವರು ಕೇಳಿಸಿಕೊಳ್ಳಲು ಇಷ್ಟಪಡದ ಭಾಗ. ಹೊರಗಿನ ಗಾಯ ಸಣ್ಣದಾದರೂ ಒಳಗೆ ತೆಗೆಯುವುದು ಅದೇ ಅರುವತ್ತು ಶೇಕಡ. ರಕ್ತಸ್ರಾವ, ಪಿತ್ತ ಸೋರುವುದು, ಸೋಂಕು ಇವು ರೋಬೋಟ್‌ನಲ್ಲೂ ಆಗಬಹುದು. ಶಸ್ತ್ರಚಿಕಿತ್ಸೆಗೆ ಹೆಚ್ಚು ಗಂಟೆ ಹಿಡಿಯುತ್ತದೆ. ಏನಾದರೂ ಎಡವಟ್ಟಾದರೆ ಅರ್ಧದಲ್ಲಿ ಹೊಟ್ಟೆ ತೆರೆಯಬೇಕಾಗಿ ಬರಬಹುದು, ಅದಕ್ಕೂ ಮೊದಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಬಲಭಾಗ ಕೊಡುವ ಆರೋಗ್ಯವಂತ ದಾನಿಗೆ ಜೀವಾಪಾಯ ತೀರಾ ಅಪರೂಪ, ಸಾವಿರದಲ್ಲಿ ಕೆಲವರಿಗೆ. ಆದರೆ ಸೊನ್ನೆಯಲ್ಲ. ಇದನ್ನು ವೈದ್ಯರು ಹುಡುಗಿಯ ಎದುರೇ ಹೇಳಿದರು. ಆಗ ಚಾಚಾ ಮಧ್ಯೆ ಬಾಯಿ ಹಾಕಿ "ಅದೆಲ್ಲ ಕಾಗದಕ್ಕೆ ಹೇಳುವ ಮಾತು" ಎಂದರು. ವೈದ್ಯೆಯೊಬ್ಬರು ಅವರನ್ನೂ ನಮ್ಮೆಲ್ಲರನ್ನೂ ಹೊರಗೆ ಕಳಿಸಿ ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಮಾತನಾಡಿದರು. ಬಳಿಕ ಆಸ್ಪತ್ರೆಯ ಅಧಿಕಾರಿಗಳ ಮುಂದೆ ಸಂದರ್ಶನ ನಡೆಯಿತು, ಅದನ್ನು ವೀಡಿಯೋದಲ್ಲಿ ದಾಖಲಿಸಿದರು. ಅಂಗಾಂಗ ಕಸಿಯ ಕಾನೂನು ನಮ್ಮಲ್ಲಿ 1994ರಿಂದ ಇದೆ. ದಾನಿಯ ಸ್ವಂತ ಇಚ್ಛೆ ಅದರ ಬುನಾದಿ.

ಮದ್ರಸಾದ ಟೀಚರ್ ಎಂದು ಹೆಂಗಸರು ನನ್ನನ್ನು ಕೇಳಿದ ಪ್ರಶ್ನೆ ಬೇರೆ. "ಆಪಾ, ಇದು ಜಾಯಿಝೇ?" ಭಾರತದ ಉಲಮಾಗಳಲ್ಲಿ ಅಂಗದಾನದ ಬಗ್ಗೆ ಭಿನ್ನಾಭಿಪ್ರಾಯವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ದೇಹ ನಮ್ಮದಲ್ಲ, ಅಮಾನತ್ ಎಂಬುದು ಬೇಡವೆನ್ನುವವರ ವಾದ. ಸೌದಿಯ ಹಿರಿಯ ಉಲಮಾಗಳ ಸಮಿತಿ 1982ರಲ್ಲಿ, ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1988ರಲ್ಲಿ ಷರತ್ತುಗಳೊಂದಿಗೆ ಅನುಮತಿ ನೀಡಿದವು. ಜೀವ ಉಳಿಸುವ ಅಗತ್ಯವಿರಬೇಕು, ದಾನಿಯ ಜೀವಕ್ಕೆ ಕುತ್ತು ತರಬಾರದು, ಮಾರಾಟವಾಗಬಾರದು, ದಾನಿ ಬಲವಂತವಿಲ್ಲದೆ ಒಪ್ಪಿರಬೇಕು. ನಾನು ಈ ಕೊನೆಯ ಷರತ್ತಿನ ಮೇಲೆ ಬೆರಳಿಟ್ಟು ಹೇಳುತ್ತಿದ್ದೆ. ನಮ್ಮ ಗಂಡಸರು ಮೊದಲ ಮೂರನ್ನು ಮುಫ್ತಿ ಸಾಹೇಬರ ಬಳಿ ಕೇಳಿ ಬರುತ್ತಾರೆ. ನಾಲ್ಕನೆಯದನ್ನು ಕೇಳಬೇಕಾದದ್ದು ಅಡುಗೆಮನೆಯಲ್ಲಿರುವ ಮಗಳ ಬಳಿ.

ಇದು ನಮ್ಮ ಸಮುದಾಯದ ಮಾತು ಮಾತ್ರವಲ್ಲ. ಅಂಗಾಂಗ ಕಸಿಯನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಸಂಸ್ಥೆಯ ಲೆಕ್ಕ 2023ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. 1995ರಿಂದ 2021ರ ವರೆಗೆ ದೇಶದಲ್ಲಿ ನಡೆದ 36,640 ಕಸಿಗಳಲ್ಲಿ 29,000ಕ್ಕೂ ಹೆಚ್ಚು ಗಂಡಸರಿಗೆ, 6,945 ಹೆಂಗಸರಿಗೆ. ಬದುಕಿರುವಾಗಲೇ ಕೊಡುವ ದಾನಿಗಳಲ್ಲಿ ಐವರಲ್ಲಿ ನಾಲ್ವರು ಹೆಂಗಸರು. ತಾಯಿ, ಹೆಂಡತಿ, ಮಗಳು, ಅಕ್ಕ, ತಂಗಿ. ಪ್ರೀತಿಯಿಂದ ಕೊಟ್ಟವರೇ ಹೆಚ್ಚೆಂದು ನಾನು ನಂಬುತ್ತೇನೆ. ಆದರೆ ಕಾಯಿಲೆ ಹೆಂಗಸರಿಗೂ ಬರುತ್ತದಲ್ಲ, ಆಗ ಕೊಡಲು ಮುಂದೆ ಬರುವವರು ಎಲ್ಲಿ ಹೋಗುತ್ತಾರೆ?

ಹುಡುಗಿ ಒಪ್ಪಿದಳು. ಮನೆಯಲ್ಲಿ ದಿನ ಗೊತ್ತು ಮಾಡಿದ್ದಕ್ಕಲ್ಲ. ವೈದ್ಯರೊಡನೆ ಮಾತನಾಡಿ ಬಂದ ಮೇಲೆ ಹತ್ತು ದಿನ ಬೇಕೆಂದು ಕೇಳಿದಳು, ಚಾಚಾ ಮುಖ ಸಿಂಡರಿಸಿದರು, ನಾನು ಅವಳನ್ನು ನಮ್ಮ ಮನೆಗೆ ಕರೆದೊಯ್ದೆ. ಆ ಹತ್ತು ದಿನದಲ್ಲಿ ನಾನು ಏನನ್ನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಇಸ್ತಿಖಾರಾ ನಮಾಝ್ ಮಾಡಿದಳು. ಒಂಬತ್ತನೆಯ ದಿನ ಪಾತ್ರೆ ತೊಳೆಯುತ್ತಾ "ಖಾಲಾ, ನಾನು ಕೊಡುತ್ತೇನೆ. ಆದರೆ ಗಾಯ ಕಾಣುವುದಿಲ್ಲವೆಂದು ಕೊಡುತ್ತಿಲ್ಲ, ಅದನ್ನು ಎಲ್ಲರಿಗೂ ಹೇಳಿ" ಎಂದಳು.

2024ರ ಆಗಸ್ಟ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅವಳದು ಒಂಬತ್ತು ಗಂಟೆ, ಭಾವನದು ಇನ್ನೂ ಹೆಚ್ಚು. ಮರುದಿನ ಅವಳಿಗೆ ಹೊಟ್ಟೆಗಿಂತ ಭುಜದ ನೋವು ಜಾಸ್ತಿ. ತುಂಬಿದ ಗಾಳಿಯಿಂದ ಹಾಗಾಗುತ್ತದಂತೆ. ಎರಡನೆಯ ದಿನ ನಡೆಸಿದರು, ಏಳನೆಯ ದಿನ ಮನೆಗೆ ಕಳಿಸಿದರು. ಪಕ್ಕದ ಹಾಸಿಗೆಯಲ್ಲಿ ತೆರೆದ ಶಸ್ತ್ರಚಿಕಿತ್ಸೆಯಾದ ದಾನಿ ಕೆಮ್ಮಲೂ ಹೆದರುತ್ತಿದ್ದುದನ್ನು ಕಂಡವರಿಗೆ ಯಂತ್ರದ ಉಪಕಾರ ಏನೆಂದು ಹೇಳಬೇಕಾಗಿಲ್ಲ. ಆದರೂ "ನಾಲ್ಕು ದಿನದಲ್ಲಿ ಓಡಾಟ" ಎಂಬುದು ಸುಳ್ಳು. ಐದಾರು ವಾರ ಕುರ್ಚಿಯಲ್ಲೇ ನಮಾಝ್, ಸಜ್ದಾಗೆ ಬಾಗಲು ಆಗುತ್ತಿರಲಿಲ್ಲ. ಮೂರು ತಿಂಗಳು ಕೊಡ ಎತ್ತಬಾರದು, ರುಬ್ಬುವ ಕಲ್ಲು ಮುಟ್ಟಬಾರದು. ಮಧ್ಯಾಹ್ನವಾದರೆ ಸುಸ್ತು. ಬಿ.ಎಡ್.ನ ಒಂದು ಸೆಮಿಸ್ಟರ್ ಹಿಂದೆ ಬಿತ್ತು.

ಖರ್ಚಿನ ಮಾತನ್ನು ಉದ್ದ ಮಾಡುವುದಿಲ್ಲ. ಇಪ್ಪತ್ತು ಲಕ್ಷ ದಾಟಿತು, ರೋಬೋಟ್‌ನದು ಅದರ ಮೇಲೆ ಬೇರೆ. ಒಂದು ಸೈಟು ಮಾರಿದರು, ಜಮಾಅತ್‌ನವರು ಸೇರಿಸಿಕೊಟ್ಟರು. ಬಿಪಿಎಲ್ ಕಾರ್ಡಿನವರಾದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಲ್ಲಿ ಕಸಿಗೆ ಇರುವ ನೆರವನ್ನು ಮೊದಲೇ ವಿಚಾರಿಸಿ.

ಭಾವ ಈಗ ಅಂಗಡಿಗೆ ಅರ್ಧ ದಿನ ಹೋಗುತ್ತಾರೆ, ಅಲ್‌ಹಮ್ದುಲಿಲ್ಲಾಹ್. ದೇಹ ಹೊಸ ಯಕೃತ್ತನ್ನು ಹೊರಗಿನದೆಂದು ತಿರಸ್ಕರಿಸದ ಹಾಗೆ ಟ್ಯಾಕ್ರೊಲಿಮಸ್ ಎಂಬ ಮಾತ್ರೆ ಬೆಳಗ್ಗೆ ಸಂಜೆ ಅದೇ ಸಮಯಕ್ಕೆ, ಜೀವನಪೂರ್ತಿ. ಅದಕ್ಕೆ ಚಕ್ಕೋತದ ಹಣ್ಣು ಆಗದು, ರಕ್ತದಲ್ಲಿ ಮದ್ದಿನ ಅಂಶ ಏರುಪೇರಾಗುತ್ತದೆ. ಅಕ್ಕ ಹಿತ್ತಿಲಿನ ಚಕ್ಕೋತವನ್ನೆಲ್ಲ ನೆರೆಮನೆಗೆ ಹಂಚಿದಳು. 2025ರ ರಮಝಾನಿನಲ್ಲಿ ವೈದ್ಯರು ಉಪವಾಸ ಬೇಡವೆಂದರು. ಭಾವ ಬೇಸರಪಟ್ಟುಕೊಂಡೇ ಫಿದ್ಯಾ ಕೊಟ್ಟರು.

ಮದುವೆಯ ಮಾತು ಆ ಗಲಾಟೆಯಲ್ಲಿ ನಿಂತಿತ್ತು. ಹುಡುಗನ ಕಡೆಯವರು ಈಚೆಗೆ ಮತ್ತೆ ಬಂದರು. ಚಹಾ ಕುಡಿದು, ಅದೂ ಇದೂ ಮಾತನಾಡಿ, ಹುಡುಗನ ತಾಯಿ ಅಕ್ಕನ ಕಿವಿಯಲ್ಲಿ "ಗಾಯ ಎಷ್ಟಿದೆ? ಮಕ್ಕಳಾಗಲು ತೊಂದರೆಯಿಲ್ಲವೇ?" ಎಂದು ಕೇಳಿದರು. ಅಕ್ಕ ಉತ್ತರಿಸುವ ಮೊದಲೇ ಹುಡುಗಿ ಒಳಗೆ ಹೋಗಿ ಆಸ್ಪತ್ರೆಯ ಫೈಲು ತಂದಳು. ಅವರ ಎದುರು ಕುಳಿತು ಒಂದೊಂದೇ ಪುಟ ತಿರುಗಿಸಿ, ಎಷ್ಟು ತೆಗೆದರು, ಎಷ್ಟು ಉಳಿಯಿತು, ಈಗಿನ ಸ್ಕ್ಯಾನಿಂಗ್‌ನಲ್ಲಿ ಎಷ್ಟು ಬೆಳೆದಿದೆ, ಗರ್ಭ ಧರಿಸಲು ವೈದ್ಯರು ಒಂದು ವರ್ಷ ಕಾಯಲು ಹೇಳಿದ್ದರು, ಆ ಅವಧಿ ಮುಗಿದಿದೆ ಎಂದು ಕನ್ನಡದಲ್ಲಿ ಓದಿ ಹೇಳಿದಳು. ಆ ತಾಯಿ ತಮ್ಮ ಕನ್ನಡಕ ತರಲಿಲ್ಲವೆಂದು ಫೈಲನ್ನು ಮಗನ ಕೈಗೆ ಕೊಟ್ಟರು. ಅವನು ಓದುತ್ತಿದ್ದಾನೆ, ಎರಡು ದಿನದಲ್ಲಿ ಮರಳಿಸುತ್ತೇನೆಂದು ಫೋನ್ ಮಾಡಿದ್ದ.